ಆನಂದಪುರದ ದೇವಾಲಯ

ಕನ್ನಡ ಪತ್ರಿಕೋದ್ಯಮದ ಚರಿತ್ರೆಯ ಮೊದಲ ಪುಟದಲ್ಲಿಯೇ ಬರುವ ಹೆಸರು ಹರ್ಮನ್ ಮೋಗ್ಲಿಂಗರದು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಅವರು ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊತ್ತಮೊದಲ ವೃತ್ತಪತ್ರಿಕೆಯೆಂದು ಪ್ರಸಿದ್ಧವಾಗಿದೆ. ಆ ದಿನವನ್ನು ಕರ್ನಾಟಕದಲ್ಲಿ ಇಂದಿಗೂ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಮೋಗ್ಲಿಂಗರ ಜೀವನದ ಈ ಅರ್ಧವನ್ನು ಹಲವರು ಬಲ್ಲರು. ಉಳಿದ ಅರ್ಧ ಅಷ್ಟಾಗಿ ಬೆಳಕಿಗೆ ಬಂದಿಲ್ಲ. ವಿದ್ವಾಂಸರೆಂದು ಹೆಸರಾಗಿದ್ದ ಅವರು ನಲವತ್ತು ದಾಟಿದ ವಯಸ್ಸಿನಲ್ಲಿ ಮಂಗಳೂರಿನ ಮುದ್ರಣಾಲಯವನ್ನೂ ಪಾಠಶಾಲೆಯನ್ನೂ ಬಿಟ್ಟು ಕೊಡಗಿನ ಕಾಡನ್ನು ಹೊಕ್ಕರು. ಸ್ವಂತದ್ದೆಂದು ಒಂದು ಅಂಗುಲ ನೆಲವನ್ನೂ ಕಾಣದ ಕೂಲಿಗಳಿಗಾಗಿ ಒಂದು ಹಳ್ಳಿಯನ್ನೂ, ಆ ಹಳ್ಳಿಯ ನಡುವೆ ಒಂದು ಕ್ರೈಸ್ತ ಸಭೆಯನ್ನೂ ನೆಲೆಗೊಳಿಸಿದರು. ಆ ಹಳ್ಳಿಯ ಹೆಸರು ಆನಂದಪುರ.

ಹರ್ಮನ್ ಮೋಗ್ಲಿಂಗರು 1811ರ ಮೇ 29ರಂದು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ಅದು ದ್ರಾಕ್ಷಿತೋಟಗಳ ನಾಡು. ಅಲ್ಲಿನ ಪ್ರತಿಯೊಂದು ಹಳ್ಳಿಯ ಬದುಕೂ ಊರಿನ ದೇವಾಲಯವನ್ನು ಸುತ್ತಿಕೊಂಡು ನಡೆಯುತ್ತಿತ್ತು. ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರರು ಕೈಗೊಂಡ ಧರ್ಮಸುಧಾರಣೆಯ ಫಲವಾಗಿ ಆ ಸೀಮೆ ಪ್ರಾಟೆಸ್ಟಂಟ್ ಮತವನ್ನು ಅವಲಂಬಿಸಿತ್ತು. ಲೂಥರರು ಸತ್ಯವೇದವನ್ನು ಜನರಾಡುವ ಜರ್ಮನ್ ಭಾಷೆಗೆ ತಂದರು; 1534ರಲ್ಲಿ ಅದು ಸಂಪೂರ್ಣವಾಗಿ ಅಚ್ಚಾಯಿತು. ದೇವರ ಮಾತು ಪಂಡಿತರ ಲ್ಯಾಟಿನ್‌ನಲ್ಲಿ ಅಡಗಿರದೆ ಕುಂಬಾರನಿಗೂ ಕುರುಬನಿಗೂ ಅರ್ಥವಾಗಬೇಕೆಂಬುದು ಆ ಸುಧಾರಣೆಯ ತಿರುಳು. ಓದಲು ಬಾರದವನಿಗೆ ಗ್ರಂಥವಿದ್ದೂ ಇಲ್ಲದಂತೆ. ಆದ್ದರಿಂದ ಪ್ರಾಟೆಸ್ಟಂಟ್ ಹಳ್ಳಿಗಳಲ್ಲಿ ದೇವಾಲಯದ ಪಕ್ಕದಲ್ಲಿಯೇ ಶಾಲೆಯೂ ಏಳುತ್ತಿತ್ತು. ಈ ಜೋಡಿಯ ನೆನಪನ್ನು ಮೋಗ್ಲಿಂಗರು ಮುಂದೆ ಸಮುದ್ರದಾಚೆಗೂ ಹೊತ್ತು ತಂದರು.

ಖಗೋಳವಿಜ್ಞಾನಿ ಕೆಪ್ಲರನು ಓದಿದ್ದ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಮೋಗ್ಲಿಂಗರು ದೈವಶಾಸ್ತ್ರವನ್ನು ಅಭ್ಯಾಸಮಾಡಿದರು. ಮುಂದೆ ಮಲಯಾಳ ಭಾಷೆಯ ನಿಘಂಟನ್ನು ರಚಿಸಿ ಕೀರ್ತಿವಂತರಾದ ಹರ್ಮನ್ ಗುಂಡರ್ಟರು ಅವರ ಗೆಳೆಯರು. ಬಂಧುವೂ ಗೆಳೆಯರೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆಯವರು ಕನ್ನಡನಾಡಿನ ಕೆಲಸದಲ್ಲಿಯೂ ಅವರಿಗೆ ಜೊತೆಯಾದರು. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾಗಿದ್ದ ಬಾಸೆಲ್ ಮಿಶನ್ ಎಂಬ ಸಂಸ್ಥೆ 1834ರಲ್ಲಿ ತನ್ನ ಮೊದಲ ಮೂವರು ಬೋಧಕರನ್ನು ಮಂಗಳೂರಿಗೆ ಕಳುಹಿಸಿತ್ತು. ಎರಡು ವರ್ಷಗಳ ತರುವಾಯ, 1836ರಲ್ಲಿ, ಇಪ್ಪತ್ತೈದು ವರ್ಷದ ಮೋಗ್ಲಿಂಗರು ಅವರನ್ನು ಕೂಡಿಕೊಂಡರು. ಆಗ ಸೂಯೆಜ್ ಕಾಲುವೆ ಇನ್ನೂ ತೆರೆದಿರಲಿಲ್ಲ. ಯೂರೋಪಿನಿಂದ ಭಾರತಕ್ಕೆ ಬರುವುದೆಂದರೆ ತಿಂಗಳುಗಟ್ಟಲೆಯ ಪ್ರಯಾಣ. ಬಂದವರು ಮರಳಿ ತಾಯ್ನಾಡನ್ನು ಕಾಣುವ ಭರವಸೆ ಕಡಮೆ.

ಅವರು ಕಾಲಿಟ್ಟ ನಾಡು ನೆಮ್ಮದಿಯಲ್ಲಿರಲಿಲ್ಲ. 1834ರಲ್ಲಿ ಇಂಗ್ಲಿಷರು ಕೊಡಗಿನ ಕೊನೆಯ ಅರಸನಾದ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿದ್ದರು. 1837ರಲ್ಲಿ ಅಮರಸುಳ್ಯದ ಕಡೆಯಿಂದ ಎದ್ದ ರೈತರ ದಂಗೆ ಕಲ್ಯಾಣಪ್ಪನ ಹೆಸರಿನಲ್ಲಿ ಮಂಗಳೂರಿನವರೆಗೂ ಹಬ್ಬಿತು. ಕಂದಾಯವನ್ನು ಧಾನ್ಯದ ಬದಲು ಹಣದಲ್ಲಿ ತೆರಬೇಕೆಂಬ ನಿಯಮ ರೈತರನ್ನು ಕೆರಳಿಸಿತ್ತು. ದಂಗೆಯನ್ನು ಸರ್ಕಾರವು ಕ್ರೂರವಾಗಿ ಅಡಗಿಸಿತು. ಇಂಥ ಕಾಲದಲ್ಲಿ ಪರದೇಶದಿಂದ ಬಂದ ಬಿಳಿಯ ಬೋಧಕನನ್ನು ಜನರು ಸಂದೇಹದಿಂದ ನೋಡುವುದು ಸಹಜವಾಗಿತ್ತು. ಆ ಸಂದೇಹದ ಗೋಡೆಯನ್ನು ದಾಟಲು ಮೋಗ್ಲಿಂಗರಿಗೆ ದೊರೆತ ಬಾಗಿಲು ಕನ್ನಡ ಭಾಷೆ.

ಕನ್ನಡವನ್ನು ಅವರು ಬೋಧನೆಗೆ ಸಾಕಾಗುವಷ್ಟು ಕಲಿತು ತೃಪ್ತರಾಗಲಿಲ್ಲ. ಗಾದೆಗಳನ್ನು ಕೂಡಿಸಿದರು, ಹಾಡುಗಳನ್ನು ಕೇಳಿದರು, ಓಲೆಯ ಗ್ರಂಥಗಳನ್ನು ಹುಡುಕಿ ಓದಿದರು. ಮಂಗಳೂರಿನ ಬಲ್ಮಠದ ಗುಡ್ಡದ ಮೇಲೆ ಹುಡುಗರಿಗಾಗಿ ಶಾಲೆಯನ್ನೂ ವಸತಿಗೃಹವನ್ನೂ ನೋಡಿಕೊಂಡರು. 1847ರಲ್ಲಿ ಸ್ಥಳೀಯ ಉಪದೇಶಿಗಳನ್ನು ತರಬೇತುಗೊಳಿಸುವ ವಿದ್ಯಾಲಯ ಅಲ್ಲಿ ಆರಂಭವಾಯಿತು. ಕನ್ನಡದ ಮಕ್ಕಳಿಗೆ ಕನ್ನಡದಲ್ಲಿಯೇ ಉನ್ನತ ಪಾಠಗಳನ್ನು ಹೇಳಬಹುದೆಂಬುದು ಅವರ ದೃಢವಾದ ನಂಬಿಕೆಯಾಗಿತ್ತು.

ಬಾಸೆಲ್ ಮಿಶನ್ 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆಯಿತು. ಕಲ್ಲಚ್ಚಿನ ವಿಧಾನ ಸರಳವಾದುದು. ಜಿಡ್ಡಿನ ಮಸಿಯಿಂದ ಬರೆದ ಅಕ್ಷರಗಳನ್ನು ನಯವಾದ ಸುಣ್ಣಕಲ್ಲಿನ ಹಲಗೆಯ ಮೇಲೆ ಮೂಡಿಸುತ್ತಾರೆ. ಬಳಿಕ ಕಲ್ಲನ್ನು ನೀರಿನಿಂದ ಒದ್ದೆಮಾಡಿ ಮಸಿ ಹಚ್ಚಿದರೆ, ನೀರಿರುವೆಡೆಯಲ್ಲಿ ಮಸಿ ನಿಲ್ಲುವುದಿಲ್ಲ. ಜಿಡ್ಡಿನ ಅಕ್ಷರಗಳಿಗೆ ಮಾತ್ರ ಅಂಟುತ್ತದೆ. ಅದರ ಮೇಲೆ ಕಾಗದವನ್ನಿಟ್ಟು ಒತ್ತಿದರೆ ಪ್ರತಿ ಸಿದ್ಧ. ಒತ್ತಕ್ಷರ, ಗುಣಿತಾಕ್ಷರಗಳಿಂದ ತುಂಬಿದ ಕನ್ನಡಕ್ಕೆ ನೂರಾರು ಅಚ್ಚುಮೊಳೆಗಳನ್ನು ಎರಕಹೊಯ್ಯುವ ತೊಂದರೆ ಇದರಿಂದ ತಪ್ಪುತ್ತಿತ್ತು. ‘ಮಂಗಳೂರ ಸಮಾಚಾರ’ ಹೀಗೆ ಕಲ್ಲಿನ ಮೇಲೆ ಮೂಡಿದ ಪತ್ರಿಕೆ. ಹದಿನೈದು ದಿನಗಳಿಗೊಮ್ಮೆ ಹೊರಡುತ್ತಿದ್ದ ಅದರ ಪುಟಗಳು ನಾಲ್ಕು, ಬೆಲೆ ಒಂದು ದುಡ್ಡು. ಊರಿನ ಸುದ್ದಿ, ಸರ್ಕಾರದ ಕಟ್ಟಳೆಗಳು, ದೂರದೇಶಗಳ ವರ್ತಮಾನ, ನೀತಿಯ ಮಾತುಗಳು, ಕಥೆಗಳು ಎಲ್ಲಕ್ಕೂ ಅದರಲ್ಲಿ ಎಡೆಯಿತ್ತು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವೆಂಬ ಹೆಸರಿನಲ್ಲಿ ಅಚ್ಚುಮೊಳೆಗಳಿಂದ ಮುದ್ರಿತವಾಯಿತು.

ಇದಕ್ಕಿಂತಲೂ ಶ್ರಮದ ಕಾರ್ಯವೊಂದು ಮುಂದೆ ಕಾದಿತ್ತು. ಮದರಾಸು ಸರ್ಕಾರದ ಉನ್ನತ ಹುದ್ದೆಗಳಿಂದ ನಿವೃತ್ತರಾಗಿ ನೀಲಗಿರಿಯಲ್ಲಿ ನೆಲಸಿದ್ದ ಕ್ಯಾಸಮೇಜರ್ ಎಂಬ ಸಾಹಿತ್ಯಪ್ರಿಯರು ಕನ್ನಡದ ಹಳೆಯ ಗ್ರಂಥಗಳ ಪ್ರಕಟಣೆಗೆ ಹಣಸಹಾಯ ಮಾಡಲು ಮುಂದೆ ಬಂದರು. 1848ರಿಂದ ಮೊದಲ್ಗೊಂಡು ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಮೋಗ್ಲಿಂಗರು ಜೈಮಿನಿ ಭಾರತ, ತೊರವೆ ರಾಮಾಯಣದ ಭಾಗ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಸಂಪಾದಿಸಿ ಕಲ್ಲಚ್ಚಿನಲ್ಲಿ ಹೊರತಂದರು. ಮಠಗಳಲ್ಲಿಯೂ ಮನೆಗಳ ಅಟ್ಟದ ಮೇಲೂ ಹುಳುಗಳಿಗೆ ಆಹಾರವಾಗುತ್ತಿದ್ದ ಕಾವ್ಯಗಳು ಮುದ್ರಿತ ಪುಸ್ತಕಗಳಾಗಿ ಓದುಗರ ಕೈಸೇರಿದವು.

ಇಲ್ಲಿ ಒಂದು ವಿಚಾರವನ್ನು ಮರೆಯಬಾರದು. ಮೋಗ್ಲಿಂಗರು ಈ ನಾಡಿಗೆ ಬಂದುದು ತಮ್ಮ ಮತವನ್ನು ಬೋಧಿಸಲು. ಈ ದೇಶದ ಮತಾಚಾರಗಳನ್ನು ಕುರಿತು ಅವರು ಕೆಲವೆಡೆ ಕಟುವಾಗಿಯೂ ಬರೆದಿದ್ದಾರೆ. ಹೀಗಿದ್ದರೂ ಶಿವಶರಣರ ಪುರಾಣಗಳನ್ನೂ ಹರಿದಾಸರ ಹಾಡುಗಳನ್ನೂ ಒಂದಕ್ಷರ ಕೆಡದಂತೆ ಉಳಿಸಬೇಕೆಂದು ಅವರು ತಮ್ಮ ಕಣ್ಣು, ಕಾಲ, ಆರೋಗ್ಯಗಳನ್ನು ಸವೆಸಿದರು. ತಾನು ಒಪ್ಪದ ಮಾತನ್ನೂ ಅದರ ಸ್ವರೂಪದಲ್ಲಿಯೇ ಅರಿಯಬೇಕೆಂಬ ವಿದ್ವಾಂಸನ ಪ್ರಾಮಾಣಿಕತೆ, ತನ್ನ ಮಾತನ್ನು ಎಲ್ಲರೂ ಒಪ್ಪಬೇಕೆಂಬ ಬೋಧಕನ ಹಂಬಲ, ಇವೆರಡೂ ಅವರ ಎದೆಯಲ್ಲಿ ಒಟ್ಟಿಗೆ ವಾಸವಾಗಿದ್ದವು. ಅವುಗಳೊಳಗಿನ ತಿಕ್ಕಾಟ ಅವರ ಬಾಳಿನುದ್ದಕ್ಕೂ ನಡೆಯಿತು.

ಮತಾಂತರವು ಒಂದು ಮನೆಯಲ್ಲಿ ಎಬ್ಬಿಸುವ ನೋವನ್ನು ಅವರು ಹತ್ತಿರದಿಂದ ಕಂಡಿದ್ದರು. 1844ರಲ್ಲಿ ಮಂಗಳೂರಿನ ಸಾರಸ್ವತ ಕುಲದ ತರುಣ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನವನ್ನು ಪಡೆದಾಗ ಊರೆಲ್ಲ ಕಲಕಿತು. ಕುಲವೂ ಬಂಧುಬಳಗವೂ ದೂರವಾದವು. 1846ರಲ್ಲಿ ಮೋಗ್ಲಿಂಗರು ಯೂರೋಪಿಗೆ ಹೋದಾಗ ಕೌಂಡಿನ್ಯರೂ ಜೊತೆಯಲ್ಲಿ ಹೋಗಿ, ಬಾಸೆಲ್ಲಿನಲ್ಲಿ ಓದಿ, ಮರಳಿ ಬಂದು ಮಂಗಳೂರಿನ ವಿದ್ಯಾಲಯದಲ್ಲಿ ಬೋಧಕರಾದರು.

1852ರ ಹೊತ್ತಿಗೆ ಮೋಗ್ಲಿಂಗರ ದೇಹ ದಣಿದಿತ್ತು. ಅವರು ತಾಯ್ನಾಡಿಗೆ ಮರಳುವ ಯೋಚನೆಯಲ್ಲಿದ್ದರು. ಅಷ್ಟರಲ್ಲಿ ಕೊಡಗಿನ ಅಲಮಂಡ ಮನೆತನದ ಸೋಮಯ್ಯ ಎಂಬವರು ಘಟ್ಟವನ್ನಿಳಿದು ಅವರನ್ನು ಅರಸಿ ಬಂದರು. 1853ರ ಆದಿಯಲ್ಲಿ ಸೋಮಯ್ಯನವರು ಸ್ತೆಫಾನ ಎಂಬ ಹೆಸರಿನಿಂದ ದೀಕ್ಷೆ ಪಡೆದರು. ಕೊಡವರಲ್ಲಿ ಮನೆ, ಗದ್ದೆ, ಪೂಜೆ, ಹಬ್ಬ ಇವೆಲ್ಲವೂ ಒಕ್ಕಕ್ಕೆ ಸೇರಿದುವು. ಒಬ್ಬನು ಪ್ರತ್ಯೇಕವಾಗಿ ಬದುಕುವುದು ಊಹೆಗೆ ನಿಲುಕದ ಸಂಗತಿ. ಮತವನ್ನು ಬದಲಿಸಿದವನು ಆಸ್ತಿಯ ಹಕ್ಕನ್ನು ಕಳೆದುಕೊಳ್ಳುವುದಿಲ್ಲವೆಂಬ ಕಾನೂನು 1850ರಲ್ಲಿಯೇ ಬಂದಿದ್ದರೂ, ಕಾನೂನು ಗದ್ದೆಯನ್ನು ಕೊಡಿಸಬಲ್ಲುದೇ ಹೊರತು ನೆಂಟರ ಮನಸ್ಸನ್ನು ಕೊಡಿಸಲಾರದು. ಸೋಮಯ್ಯನವರು ಬಂಧುಗಳ ವಿರೋಧವನ್ನು ಎದುರಿಸಬೇಕಾಯಿತು. ಅವರನ್ನು ಒಂಟಿಯಾಗಿ ಕಳುಹಿಸಲು ಮೋಗ್ಲಿಂಗರಿಗೆ ಮನಸ್ಸು ಒಪ್ಪಲಿಲ್ಲ. ಹಡಗನ್ನೇರಬೇಕಾಗಿದ್ದವರು ಘಟ್ಟವನ್ನೇರಿದರು. ಬಾಸೆಲ್ಲಿನ ಆಡಳಿತ ಮಂಡಲಿಯ ಯೋಜನೆಯಲ್ಲಿ ಕೊಡಗು ಇರಲಿಲ್ಲ. ಆದುದರಿಂದ ಈ ಕಾರ್ಯವನ್ನು ಮೋಗ್ಲಿಂಗರು ಮೊದಲಲ್ಲಿ ತಮ್ಮ ಸ್ವಂತ ಹೊಣೆಯ ಮೇಲೆಯೇ ಆರಂಭಿಸಿದರು. ಕೆಲವು ವರ್ಷಗಳ ಮೇಲೆ ಸಂಸ್ಥೆಯು ಅದನ್ನು ವಹಿಸಿಕೊಂಡಿತು.

ಕೊಡವರ ಮನೆತನಗಳ ನಡುವೆ ತಮ್ಮ ಬೋಧನೆ ಹರಡೀತೆಂದು ಅವರು ನಿರೀಕ್ಷಿಸಿದ್ದರು. ಆ ನಿರೀಕ್ಷೆ ಕೈಗೂಡಲಿಲ್ಲ. ಕಾವೇರಿಯನ್ನೂ ಹಿರಿಯರನ್ನೂ ನೆನೆಯುವ ಕೊಡವರು ತಮ್ಮ ಸಂಪ್ರದಾಯವನ್ನು ಬಿಟ್ಟುಕೊಡಲಿಲ್ಲ. ಮೋಗ್ಲಿಂಗರ ಬಳಿಗೆ ಬಂದವರು ಬೇರೆಯೇ ಜನ. ಕೊಡಗಿನ ಗದ್ದೆಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ, ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟಿದ್ದ ಆಳುಗಳು ಅವರು. ಜಮ್ಮದಾಳುಗಳೆಂದು ಅವರನ್ನು ಕರೆಯುತ್ತಿದ್ದರು. ಕೆಲವರು ಭೂಮಿಗೆ ಸೇರಿದವರು. ಭೂಮಿ ಕೈಬದಲಾಯಿಸಿದರೆ ಅವರೂ ಅದರೊಡನೆ ಹೊಸ ಧಣಿಯ ಪಾಲಾಗುತ್ತಿದ್ದರು. ಇನ್ನು ಕೆಲವರು ಮನೆತನಕ್ಕೆ ಸೇರಿದವರು. ಗುಲಾಮಗಿರಿಗೆ ಕಾನೂನಿನ ಬೆಂಬಲವಿಲ್ಲವೆಂದು 1843ರಲ್ಲಿಯೇ ಸಾರಲಾಗಿತ್ತು. ಆದರೆ ಹೊಲವೂ ಗುಡಿಸಲೂ ಧಣಿಯದಾಗಿದ್ದ ಮೇಲೆ ಬಿಡುಗಡೆಯ ಮಾತಿಗೆ ಅರ್ಥವೇನು? ಬಿಟ್ಟುಹೋದವನು ರಾತ್ರಿ ಮಲಗುವುದೆಲ್ಲಿ?

ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿಕೊಂಡುದೇ ಆನಂದಪುರ. 1850ರ ದಶಕದಲ್ಲಿ ದಕ್ಷಿಣ ಕೊಡಗಿನ ಸಿದ್ದಾಪುರದ ಕಡೆಯ ಕಾಡಿನಲ್ಲಿ ಈ ಜನರಿಗಾಗಿ ಒಂದು ನೆಲೆಯನ್ನು ಏರ್ಪಡಿಸಲಾಯಿತು. ಯಾರ ಹಂಗೂ ಇಲ್ಲದೆ ನಿಲ್ಲಲು ಒಂದು ತುಂಡು ನೆಲ, ಮಕ್ಕಳಿಗೆ ಅಕ್ಷರ, ಎಲ್ಲರಿಗೂ ಒಂದು ಪ್ರಾರ್ಥನೆಯ ಮನೆ, ಇವು ಆ ಹಳ್ಳಿಯ ಮೂರು ಆಧಾರಗಳು. ಕಾಡು ಕಡಿದು ಬಯಲು ಮಾಡಿ, ಆನೆಗೂ ಹುಲಿಗೂ ಅಂಜದೆ, ಮಲೆನಾಡಿನ ಚಳಿಜ್ವರವನ್ನು ಸಹಿಸಿಕೊಂಡು ಆ ಕುಟುಂಬಗಳು ಬದುಕನ್ನು ಕಟ್ಟಿಕೊಂಡವು. ಕೊಡಗಿನಲ್ಲಿ ಯೂರೋಪಿಯನರ ಮೊದಲ ಕಾಫಿತೋಟ ಮಡಿಕೇರಿಯ ಬಳಿ ತಲೆಯೆತ್ತಿದುದು 1854ರಲ್ಲಿ. ನಾಡೆಲ್ಲ ಹೊಸ ಬೆಳೆಯತ್ತ ತಿರುಗುತ್ತಿದ್ದ ಆ ಕಾಲದಲ್ಲಿ ದುಡಿಯುವ ಕೈಗಳಿಗೆ ಬೆಲೆ ಬರತೊಡಗಿತ್ತು.

ಇಂಥ ಹಳ್ಳಿಯ ದೇವಾಲಯ ಹೇಗಿರುತ್ತಿತ್ತು? ದೊಡ್ಡ ನಗರಗಳ ಎತ್ತರವಾದ ಶಿಖರಗಳನ್ನೂ ಬಣ್ಣದ ಗಾಜಿನ ಕಿಟಕಿಗಳನ್ನೂ ಇಲ್ಲಿ ಹುಡುಕಬಾರದು. ಬಾಸೆಲ್ ಮಿಶನ್ನಿನ ಗ್ರಾಮಸಭೆಗಳು ಮೊದಲಲ್ಲಿ ಬೋಧಕನ ಮನೆಯ ಜಗಲಿಯಲ್ಲಿಯೋ ಹುಲ್ಲು ಹೊದಿಸಿದ ಮಣ್ಣಿನ ಗೋಡೆಯ ಶಾಲೆಯಲ್ಲಿಯೋ ಕೂಡುತ್ತಿದ್ದವು. ವಾರದ ಆರು ದಿನ ಮಕ್ಕಳು ಕಾಗುಣಿತ ಹೇಳುತ್ತಿದ್ದ ನೆಲದ ಮೇಲೆಯೇ ಏಳನೆಯ ದಿನ ತಂದೆತಾಯಿಗಳು ಚಾಪೆ ಹಾಸಿ ಪ್ರಾರ್ಥನೆಗೆ ಕುಳಿತುಕೊಳ್ಳುತ್ತಿದ್ದರು. ಸಭೆ ಬೆಳೆದಂತೆ ಗಟ್ಟಿಯಾದ ಕಟ್ಟಡ ಏಳುತ್ತಿತ್ತು. ಕರಾವಳಿಯಲ್ಲಾದರೆ ನೆಲದಿಂದಲೇ ಕತ್ತರಿಸಿ ತೆಗೆದ ಮುರಕಲ್ಲು, ಕೊಡಗಿನಲ್ಲಾದರೆ ಮಣ್ಣು, ಇಟ್ಟಿಗೆ ಮತ್ತು ಕಾಡಿನ ಮರ. ಸ್ಥಳದಲ್ಲಿ ಸಿಕ್ಕುವುದನ್ನೇ ಬಳಸಿ ಸ್ಥಳದ ಬಡಗಿ, ಗಾರೆಯವರಿಂದಲೇ ಕಟ್ಟಿಸುವುದು ರೂಢಿ.

ಆಕಾರ ಬಹು ಸರಳ. ಉದ್ದವಾದ ಒಂದೇ ಹಜಾರ. ಎರಡು ಬದಿಯ ಗೋಡೆಗಳಲ್ಲಿ ಗಾಳಿ ಬೆಳಕುಗಳಿಗಾಗಿ ಎತ್ತರದ ಕಿಟಕಿಗಳು. ಮುಂದೆ ಮಳೆಯ ಇರಚಲನ್ನು ತಡೆಯುವ ಚಿಕ್ಕ ಮುಖಮಂಟಪ. ಮಾಡು ಕಡಿದಾಗಿ ಇಳಿಯುತ್ತದೆ. ಅದಕ್ಕೆ ಕಾರಣ ಸ್ಪಷ್ಟ: ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಿಡದೆ ಸುರಿಯುವ ಮುಂಗಾರಿನ ನೀರು ನಿಲ್ಲದೆ ಜಾರಿಹೋಗಬೇಕು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಕೊಡವರ ಐನ್‌ಮನೆಯ ಮಾಡೂ ಕರಾವಳಿಯ ಗುತ್ತಿನ ಮನೆಯ ಮಾಡೂ ಅದೇ ಕಾರಣಕ್ಕಾಗಿ ಇಳಿಜಾರಾಗಿರುವುದನ್ನು ನೋಡಬಹುದು. ಜರ್ಮನಿಯ ಹಳ್ಳಿಯ ದೇವಾಲಯದಲ್ಲಿ ಹಿಮಕ್ಕೆ ಅಂಜಿ ಕಟ್ಟಿದ ಕಡಿದಾದ ಮಾಡು ಇಲ್ಲಿ ಮಳೆಗೆ ಹೊಂದಿಕೊಂಡಿತು. ದೂರದಿಂದ ನೋಡುವವರಿಗೆ ಕಟ್ಟಡವು ದೊಡ್ಡದೊಂದು ಮನೆಯಂತೆಯೇ ತೋರುತ್ತದೆ. ಗಂಟೆಯೊಂದೇ ಅದರ ಗುರುತು. ಗಡಿಯಾರವಿಲ್ಲದ ಹಳ್ಳಿಯಲ್ಲಿ ಆ ಗಂಟೆ ಪ್ರಾರ್ಥನೆಯ ವೇಳೆಯನ್ನೂ ಶಾಲೆಯ ವೇಳೆಯನ್ನೂ ಸಾರುತ್ತಿತ್ತು. ಬೆಂಕಿಯೋ ಸಾವೋ ಸಂಭವಿಸಿದಾಗ ಊರನ್ನು ಕೂಗಿ ಕರೆಯುತ್ತಿತ್ತು.

ಒಳಗೆ ವಿಗ್ರಹಗಳಿಲ್ಲ. ಮುಂಭಾಗದಲ್ಲಿ ಒಂದು ಮೇಜು, ದೀಕ್ಷಾಸ್ನಾನದ ನೀರಿಗೆ ಒಂದು ಪಾತ್ರೆ, ಎಲ್ಲರಿಗೂ ಕಾಣುವಂತೆ ತುಸು ಎತ್ತರದಲ್ಲಿ ಪ್ರಸಂಗಪೀಠ. ಪ್ರಾಟೆಸ್ಟಂಟ್ ದೇವಾಲಯದ ವಾಸ್ತುವಿನ ಗುಟ್ಟು ಈ ಪೀಠದಲ್ಲಿದೆ. ನೋಡುವುದಕ್ಕಿಂತ ಕೇಳುವುದು ಇಲ್ಲಿ ಮುಖ್ಯ. ಹಿಂದಿನ ಸಾಲಿನಲ್ಲಿ ಕುಳಿತ ಮುದುಕಿಗೂ ಮಾತು ಕೇಳಿಸಬೇಕು. ಅದಕ್ಕೇ ನಡುವೆ ಸಾಲುಗಂಬಗಳ ಅಡ್ಡಿಯಿಲ್ಲದ ಒಂದೇ ಹಜಾರ. ಕೇಳಿಸಿದ ಮಾತು ಅರ್ಥವಾಗಬೇಕು, ಅದಕ್ಕೇ ಕನ್ನಡ. ಜರ್ಮನ್ ರಾಗಗಳಿಗೆ ಕನ್ನಡ ಪದಗಳನ್ನು ಹೊಂದಿಸಿ ಎಲ್ಲರೂ ಒಟ್ಟಾಗಿ ಹಾಡುತ್ತಿದ್ದರು. ಹಾಡುವವರು ಬೇರೆ, ಕೇಳುವವರು ಬೇರೆ ಎಂಬ ಭೇದ ಅಲ್ಲಿರಲಿಲ್ಲ.

ಈ ಸರಳವಾದ ಹಜಾರಕ್ಕೆ ಆ ಕಾಲದಲ್ಲಿದ್ದ ಮಹತ್ವವನ್ನು ಅರಿಯಬೇಕಾದರೆ, ಅದರ ನೆಲದ ಮೇಲೆ ಯಾರು ಕುಳಿತಿದ್ದರೆಂಬುದನ್ನು ಯೋಚಿಸಬೇಕು. ಧಣಿಯ ಮನೆಯ ಅಂಗಳವನ್ನು ದಾಟದೆ, ದೂರ ನಿಂತು ಕೂಲಿಯ ಭತ್ತವನ್ನು ಸೆರಗಿಗೆ ಸುರಿಸಿಕೊಳ್ಳುತ್ತಿದ್ದ ಜನ ಅವರು. ಸಭೆಯೊಳಗೆ ಜಾತಿಭೇದವನ್ನು ಬಾಸೆಲ್ ಮಿಶನ್ ಒಪ್ಪುತ್ತಿರಲಿಲ್ಲ. ಕರ್ತನ ಭೋಜನವೆಂಬ ಸಂಸ್ಕಾರದಲ್ಲಿ ಒಂದೇ ರೊಟ್ಟಿಯನ್ನು ಹಂಚಿಕೊಂಡು ತಿಂದು ಒಂದೇ ಪಾತ್ರೆಯಿಂದ ಕುಡಿಯಬೇಕಾಗಿತ್ತು. ಕೊಡವ ಮನೆತನದಲ್ಲಿ ಹುಟ್ಟಿದವನೂ ಆಳಾಗಿ ಹುಟ್ಟಿದವನೂ ಒಂದೇ ಸಭೆಗೆ ಸೇರಿದವರೆಂದ ಮೇಲೆ, ಪಾತ್ರೆ ಇಬ್ಬರಿಗೂ ಒಂದೇ. ಬೋಧನೆಯ ನೂರು ಮಾತುಗಳಿಗಿಂತ ಆ ಒಂದು ಪಾತ್ರೆ ಹೆಚ್ಚಿನದನ್ನು ಹೇಳುತ್ತಿತ್ತು. ಅದನ್ನು ಮುಟ್ಟಲು ಹಲವರು ಹಿಂಜರಿಯುತ್ತಿದ್ದ ನಾಡಿನಲ್ಲಿ, ಮುಟ್ಟುವುದಕ್ಕೆ ಎದೆಗಾರಿಕೆ ಬೇಕಾಗಿತ್ತು.

ಆನಂದಪುರದ ದಿನಗಳು ಹೆಸರಿಗೆ ತಕ್ಕಂತೆ ಆನಂದದವೇ ಆಗಿರಲಿಲ್ಲ. ಹಣದ ಕೊರತೆ ಸದಾ ಕಾಡುತ್ತಿತ್ತು. ಹಳೆಯ ಧಣಿಗಳಿಗೆ ಈ ಹೊಸ ಊರು ಹಿಡಿಸುವಂತಿರಲಿಲ್ಲ. ಧಣಿಯ ಹಂಗಿನಿಂದ ಬಿಡಿಸಿಕೊಂಡವರು ಈಗ ಮಿಶನ್ನಿನ ಆಸರೆಯನ್ನು ನೆಚ್ಚಬೇಕಾಗಿತ್ತು. ತಲೆಮಾರುಗಳ ದಾಸ್ಯದಿಂದ ಹೊರಬಂದವರು ತಮ್ಮ ಕಾಲಮೇಲೆ ತಾವು ನಿಲ್ಲುವುದು ಒಂದೆರಡು ವರ್ಷಗಳಲ್ಲಿ ಆಗುವ ಕೆಲಸವಲ್ಲವೆಂಬ ಕಹಿಯಾದ ಸತ್ಯವನ್ನು ಮೋಗ್ಲಿಂಗರು ಅಲ್ಲಿ ಕಲಿತರು. 1855ರಲ್ಲಿ ಗೆಳೆಯ ವೈಗ್ಲೆಯವರು ತೀರಿಕೊಂಡರು. ಕೆಲಕಾಲದ ತರುವಾಯ ಮೋಗ್ಲಿಂಗರು ವೈಗ್ಲೆಯವರ ವಿಧವೆ ಪಾಲಿನಾ ಅವರನ್ನು ಮದುವೆಯಾಗಿ ಗೆಳೆಯನ ಮಕ್ಕಳಿಗೆ ತಂದೆಯಾದರು.

ಇಂಥ ದುಡಿತದ ನಡುವೆಯೂ ಅವರ ಲೇಖನಿ ವಿಶ್ರಮಿಸಲಿಲ್ಲ. ಕೊಡಗಿನ ಅರಸರ ಚರಿತ್ರೆ, ಜನಜೀವನ ಮತ್ತು ತಮ್ಮ ಕಾರ್ಯಗಳನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು 1855ರಲ್ಲಿ ಪ್ರಕಟಿಸಿದರು. ಕೊಡಗನ್ನು ಕುರಿತು ಬರೆದ ಆರಂಭದ ಪುಸ್ತಕಗಳಲ್ಲಿ ಅದೂ ಒಂದು. ಪರಕೀಯನ ದೃಷ್ಟಿಯ ದೋಷಗಳು ಅದರಲ್ಲಿದ್ದರೂ ಮುಂದಿನ ಚರಿತ್ರಕಾರರಿಗೆ ಅದು ಉಪಯುಕ್ತವಾಯಿತು. ಕನ್ನಡ ಸಾಹಿತ್ಯಕ್ಕೆ ಸಲ್ಲಿಸಿದ ಸೇವೆಯನ್ನು ಮನ್ನಿಸಿ 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. ಆ ಗೌರವ ಅವರಿಗೆ ಸಂದಾಗ ಅವರು ಕೊಡಗಿನ ಕೂಲಿಗಳ ನಡುವೆ ಸಭಾಪಾಲಕರಾಗಿ ದುಡಿಯುತ್ತಿದ್ದರೆಂಬುದು ನೆನೆಯತಕ್ಕ ಸಂಗತಿ.

ಮಡದಿಯ ಅನಾರೋಗ್ಯದಿಂದಾಗಿ 1860ರಲ್ಲಿ ಮೋಗ್ಲಿಂಗರು ಜರ್ಮನಿಗೆ ಹಿಂದಿರುಗಬೇಕಾಯಿತು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ತರುಣನಾಗಿ ಬಂದವರು ನಡುವಯಸ್ಸಿನ ದಣಿದ ವ್ಯಕ್ತಿಯಾಗಿ ಮರಳಿದರು. ಕನ್ನಡದ ನಂಟು ಅಲ್ಲಿಯೂ ಬಿಡಲಿಲ್ಲ. ಕನ್ನಡ ದಾಸರ ಹಾಡುಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿ ಅಲ್ಲಿನ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ಕಾಲದಲ್ಲಿ ಜರ್ಮನಿಯ ರಾಗಗಳನ್ನು ಕನ್ನಡದ ಹಳ್ಳಿಗಳಿಗೆ ತಂದ ಪರಂಪರೆಗೆ ಸೇರಿದ ಅವರೇ ಈಗ ಕನ್ನಡದ ಪದಗಳನ್ನು ಜರ್ಮನಿಯ ಓದುಗರಿಗೆ ಒಯ್ದು ಮುಟ್ಟಿಸಿದರು. 1881ರ ಮೇ 10ರಂದು ಎಸ್ಲಿಂಗೆನ್ ಎಂಬ ಊರಿನಲ್ಲಿ ಅವರು ಕಾಲವಶರಾದರು. ಮರುವರ್ಷವೇ ಹಳೆಯ ಗೆಳೆಯ ಗುಂಡರ್ಟರು ಅವರ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದರು.

ಮೋಗ್ಲಿಂಗರು ಬಿಟ್ಟುಹೋದ ಕೆಲಸಗಳನ್ನು ಬೇರೆ ಕೈಗಳು ಎತ್ತಿಕೊಂಡವು. ಅವರು ಕೊಡಗಿಗೆ ಹೋದ 1853ರಲ್ಲಿಯೇ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲರು ಕನ್ನಡ ಗ್ರಂಥಗಳ ವ್ಯಾಸಂಗವನ್ನು ಮುಂದುವರಿಸಿ 1894ರಲ್ಲಿ ಮಹತ್ತಾದ ನಿಘಂಟನ್ನು ಹೊರತಂದರು. ಮಂಗಳೂರಿನ ಮುದ್ರಣಾಲಯದ ಅಚ್ಚುಮೊಳೆಗಳ ಕೆಲಸಕ್ಕೆಂದು ಬಂದಿದ್ದ ಪ್ಲೆಬ್‌ಸ್ಟ್ ಎಂಬ ಕುಶಲಕರ್ಮಿ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಒಂದಕ್ಕೊಂದು ಕೊಂಡಿಯಂತೆ ಸೇರಿಕೊಳ್ಳುವ ಮಂಗಳೂರು ಹೆಂಚು ಅಲ್ಲಿಂದ ನಾಡಿನಲ್ಲೆಲ್ಲ ಹರಡಿತು. ವರ್ಷವರ್ಷವೂ ಹುಲ್ಲು ಹೊದಿಸಬೇಕಾಗಿದ್ದ, ಒಂದು ಕಿಡಿಗೆ ಸುಟ್ಟುಹೋಗುತ್ತಿದ್ದ ಮಾಡುಗಳ ಕಾಲ ಕ್ರಮೇಣ ಮುಗಿಯಿತು. ದೇವಾಲಯ, ಶಾಲೆ, ಅಂಗಡಿ, ರೈತನ ಮನೆ ಎಲ್ಲವೂ ಒಂದೇ ಕೆಂಪು ಹೆಂಚಿನ ಕೆಳಗೆ ಬಂದವು.

ಗ್ರಾಮಸಭೆಗಳ ಈ ಕಥೆ ಕರಾವಳಿ, ಕೊಡಗುಗಳಿಗಷ್ಟೇ ಸೀಮಿತವಲ್ಲ. ಬಳ್ಳಾರಿ, ಬೆಂಗಳೂರುಗಳಲ್ಲಿ ಲಂಡನ್ ಮಿಶನ್, ಹಳೆಯ ಮೈಸೂರು ಸಂಸ್ಥಾನದ ತುಮಕೂರು, ಶಿವಮೊಗ್ಗ, ಚಿತ್ರದುರ್ಗಗಳ ಕಡೆಯಲ್ಲಿ ವೆಸ್ಲಿಯನ್ ಮಿಶನ್ ಇದೇ ಬಗೆಯ ಕಾರ್ಯವನ್ನು ನಡೆಸಿದವು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಜರ್ಮನ್ ಬೋಧಕರು ಬಂಧಿತರಾದರು. ಬಾಸೆಲ್ ಮಿಶನ್ನಿನ ಕಾರ್ಖಾನೆಗಳು ಮುಂದೆ ಸರ್ಕಾರದ ವಶವಾದವು. ಕಟ್ಟಿದವರು ಹೋದ ಮೇಲೂ ಗಂಟೆ ನಿಲ್ಲಲಿಲ್ಲ. ಸ್ಥಳೀಯ ಉಪದೇಶಿಗಳೂ ಹಿರಿಯರೂ ಸಭೆಗಳನ್ನು ನಡೆಸಿಕೊಂಡು ಬಂದರು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಿತು. ಇಂದು ಕೊಡಗಿನ ಆ ಪರಂಪರೆಯ ಸಭೆಗಳು ಅದರಲ್ಲಿ ಸೇರಿವೆ. ಮೊದಲಲ್ಲಿ ಪರದೇಶದ ಒಬ್ಬ ಬೋಧಕನನ್ನು ನೆಚ್ಚಿಕೊಂಡಿದ್ದ ದೇವಾಲಯ ಹೀಗೆ ಊರಿನವರ ಸ್ವಂತದ್ದಾಯಿತು.

ಮೋಗ್ಲಿಂಗರು ಬಯಸಿದುದೆಲ್ಲ ನೆರವೇರಲಿಲ್ಲ. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ; ಕೊಡಗು ಅವರ ಮತವನ್ನು ಹಿಡಿಯಲಿಲ್ಲ; ಆನಂದಪುರ ಚಿಕ್ಕ ಹಳ್ಳಿಯಾಗಿಯೇ ಉಳಿಯಿತು. ಆದರೂ ಒಂದು ದುಡ್ಡಿನ ಪತ್ರಿಕೆಯಲ್ಲಿಯೂ ಕಾಡಿನ ನಡುವಿನ ಹಜಾರದಲ್ಲಿಯೂ ಅವರು ನೆಚ್ಚಿಕೊಂಡುದು ಒಂದೇ ತತ್ತ್ವವನ್ನು: ತಿಳಿವು ಎಲ್ಲರಿಗೂ ತಿಳಿಯುವ ನುಡಿಯಲ್ಲಿರಬೇಕು, ಅದು ಇರುವ ಮನೆಯ ಬಾಗಿಲು ಎಲ್ಲರಿಗೂ ತೆರೆದಿರಬೇಕು. ಕೊಡಗಿನ ಸಿದ್ದಾಪುರದ ಬಳಿ ಆನಂದಪುರವೆಂಬ ಊರು ಇಂದಿಗೂ ಇದೆ. ಯಾವ ಜನರ ಹೆಸರನ್ನು ಅರಸರ ಶಾಸನಗಳಾಗಲಿ ಧಣಿಗಳ ಲೆಕ್ಕಪತ್ರಗಳಾಗಲಿ ಗೌರವದಿಂದ ಬರೆದಿರಲಿಲ್ಲವೋ, ಆ ಜನರ ಮಕ್ಕಳು ಅಲ್ಲಿ ತಮ್ಮ ಹೆಸರನ್ನು ತಾವೇ ಬರೆಯಲು ಕಲಿತರು.